ನೇತ್ರಾಣಿಯ ಗವಿಹಕ್ಕಿಗಳ ಗೂಡನ್ನು ಕುರಿತು ಅರಣ್ಯ ಇಲಾಖೆಗೂ ಕರಾವಳಿಯ ಜನರಿಗೂ ಒಂದು ಬಹಿರಂಗ ಪತ್ರ

ಕರ್ನಾಟಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ, ಉತ್ತರ ಕನ್ನಡ ಜಿಲ್ಲಾಡಳಿತಕ್ಕೆ, ಹಾಗೂ ನಮ್ಮ ಕರಾವಳಿಯ ಮೀನುಗಾರ ಬಂಧುಗಳಿಗೆ,

ಮಾನ್ಯರೇ,

ನಾನು ಭಟ್ಕಳ ತಾಲ್ಲೂಕಿನ ಮೀನುಗಾರರ ಕೇರಿಯೊಂದರಲ್ಲಿ ಹುಟ್ಟಿ ಬೆಳೆದವನು. ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದು ಈಗ ನಿವೃತ್ತನಾಗಿದ್ದೇನೆ. ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು ಕೇಳಿದ ಒಂದು ಪ್ರಶ್ನೆಯೇ ಈ ಪತ್ರಕ್ಕೆ ಕಾರಣ. ಆತ ಸಾಲ ತೆಗೆದು ತನ್ನ ಮನೆಯ ಮಹಡಿಯನ್ನು 'ಹಕ್ಕಿಮನೆ' ಮಾಡಿದ್ದ. ಕಿಟಕಿಗಳಿಗೆ ಕಲ್ಲು ಕಟ್ಟಿಸಿ ಒಳಗೆ ಕತ್ತಲೆ ತುಂಬಿಸಿದ್ದ, ಚಾವಣಿಗೆ ಉದ್ದಕ್ಕೂ ಹಲಗೆ ಹೊಡೆಸಿದ್ದ, ಹೊರಗೋಡೆಯಲ್ಲಿ ಒಂದು ಕಿಂಡಿ ಬಿಡಿಸಿ ಅದರ ಪಕ್ಕದಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಕ್ಕಿಯ ಕೂಗನ್ನು ಹಾಕುವ ಸಣ್ಣ ಸ್ಪೀಕರ್‌ಗಳನ್ನು ಕೂರಿಸಿದ್ದ. ಆಗ್ನೇಯ ಏಷ್ಯಾದ ದೇಶಗಳಲ್ಲಿ ಸ್ವಿಫ್ಟ್‌ಲೆಟ್ ಎಂಬ ಹಕ್ಕಿ ತನ್ನ ಜೊಲ್ಲಿನಿಂದ ಕಟ್ಟುವ ಗೂಡನ್ನು ಹೀಗೆಯೇ ಮನೆಗಳಲ್ಲಿ ಕಟ್ಟಿಸಿಕೊಂಡು ಮಾರುತ್ತಾರೆಂದೂ, ಶುಚಿ ಮಾಡಿದ ಗೂಡಿನ ಬೆಲೆ ಕಿಲೋಗೆ ಲಕ್ಷ ರೂಪಾಯಿಯನ್ನು ದಾಟುತ್ತದೆಂದೂ ಆತ ಮೊಬೈಲಿನಲ್ಲಿ ನೋಡಿದ್ದ. ಅದು ಸುಳ್ಳಲ್ಲ. ಆದರೆ ವರ್ಷ ಕಳೆದರೂ ಅವನ ಮಹಡಿಗೆ ಬಂದದ್ದು ಎರಡು ಬಾವಲಿಗಳು ಮಾತ್ರ. ಕೊನೆಗೆ ಆತ ನನ್ನೆದುರು ಕೂತು, ತಗ್ಗಿದ ದನಿಯಲ್ಲಿ, "ಮಾಸ್ಟ್ರೇ, ನೇತ್ರಾಣಿಯ ಗವಿಯಿಂದ ಒಂದಿಷ್ಟು ಮೊಟ್ಟೆ ತಂದು ಇಟ್ಟರೆ ಹೇಗೆ?" ಎಂದ. ನಮ್ಮ ಕಡಲಿನ ನೇತ್ರಾಣಿ ದ್ವೀಪದ ಗವಿಯಲ್ಲಿ ಗೂಡು ಕಟ್ಟುವ, ನಾವು ಗವಿಹಕ್ಕಿ ಎನ್ನುವ ಹಕ್ಕಿಯೂ ಒಂದು ಸ್ವಿಫ್ಟ್‌ಲೆಟ್ಟೇ.

ಹುಡುಗ ಕೆಟ್ಟವನಲ್ಲ. ಮೊಟ್ಟೆ ತಂದಿಡುವ ಯೋಚನೆಯೂ ಅವನು ತಾನಾಗಿ ಹುಟ್ಟಿಸಿಕೊಂಡದ್ದಲ್ಲ. ನಮ್ಮದೇ ದೇಶದ ಅಂಡಮಾನಿನಲ್ಲಿ ವಿಜ್ಞಾನಿಗಳು ಅಂಥ ಪ್ರಯೋಗ ಮಾಡಿದ್ದನ್ನು ಎಲ್ಲೋ ಅರೆಬರೆಯಾಗಿ ಕೇಳಿ ಬಂದಿದ್ದ. ಅವನಿಗೆ ಅಂದು ನಾನು ಹೇಳಿದ ಮಾತುಗಳನ್ನೇ ಇಲ್ಲಿ ನಿಮ್ಮೆಲ್ಲರ ಮುಂದೆ ಇನ್ನಷ್ಟು ವಿವರವಾಗಿ ಇಡುತ್ತಿದ್ದೇನೆ. ಇಂದು ಒಬ್ಬ ಕೇಳಿದ ಪ್ರಶ್ನೆಯನ್ನು ನಾಳೆ ಹತ್ತು ಮಂದಿ ಕೇಳುತ್ತಾರೆ, ಅವರಲ್ಲಿ ಕೆಲವರು ಯಾರನ್ನೂ ಕೇಳದೆ ದೋಣಿ ಏರುತ್ತಾರೆ ಎಂಬ ಭಯ ನನಗಿದೆ.

ಮೊದಲು ಹಕ್ಕಿಯ ವಿಷಯ. ನೋಡಲು ಕವಲುತೋಕೆಯಂತೆ ಕಂಡರೂ ಸ್ವಿಫ್ಟ್‌ಲೆಟ್ ಬೇರೆಯೇ ಕುಲದ್ದು. ಅದರ ಕಾಲಿಗೆ ಕೊಂಬೆಯ ಮೇಲೆ ಕೂರುವ ಶಕ್ತಿಯಿಲ್ಲ, ಬಂಡೆಯ ಗೋಡೆಗೆ ಉಗುರು ಊರಿ ಜೋತು ಬೀಳುವುದಷ್ಟೇ ಗೊತ್ತು. ಹಗಲೆಲ್ಲ ಗಾಳಿಯಲ್ಲೇ ಇದ್ದು ಹಾರುವ ಇರುವೆ, ಗೆದ್ದಲು, ನೊಣ, ಸೊಳ್ಳೆಗಳನ್ನು ಹಿಡಿದು ತಿನ್ನುತ್ತದೆ. ಸಂಜೆ ಗವಿಗೆ ಮರಳಿ, ಕಣ್ಣು ಕಾಣದ ಕತ್ತಲೆಯಲ್ಲಿ ಟಿಕ್ ಟಿಕ್ ಎಂದು ಸದ್ದು ಮಾಡಿ, ಅದರ ಮಾರ್ದನಿಯಿಂದ ದಾರಿ ಹುಡುಕಿಕೊಂಡು ತನ್ನ ಗೂಡಿಗೇ ಹೋಗಿ ಸೇರುತ್ತದೆ. ಗೂಡು ಕಟ್ಟುವ ಕಾಲದಲ್ಲಿ ನಾಲಿಗೆಯ ಕೆಳಗಿನ ಜೊಲ್ಲಿನ ಗ್ರಂಥಿಗಳು ಉಬ್ಬಿಕೊಳ್ಳುತ್ತವೆ. ಒಂದೊಂದು ಎಳೆಯಾಗಿ ಜೊಲ್ಲನ್ನು ಬಂಡೆಗೆ ಹಚ್ಚುತ್ತ ತಿಂಗಳಿಗೂ ಹೆಚ್ಚು ಕಾಲ ದುಡಿದು ಅರ್ಧ ಬಟ್ಟಲಿನ ಆಕಾರದ ಗೂಡನ್ನು ಮುಗಿಸುತ್ತದೆ. ಅದರಲ್ಲಿ ಇಡುವುದು ಎರಡೇ ಮೊಟ್ಟೆ.

ಈ ಕುಲದಲ್ಲಿ ಹಲವು ಜಾತಿಗಳಿವೆ, ಹಣವೆಲ್ಲ ಇರುವುದು ಆ ಜಾತಿಭೇದದಲ್ಲಿ. ಮಲೇಷ್ಯಾ, ಇಂಡೊನೇಷ್ಯಾಗಳ ಹಕ್ಕಿಮನೆಗಳಲ್ಲಿ ಗೂಡು ಕಟ್ಟುವ ಜಾತಿಯ ಗೂಡು ಬಹುಪಾಲು ಬರಿಯ ಜೊಲ್ಲು. ಆದ್ದರಿಂದಲೇ ಅದಕ್ಕೆ ಬಿಳಿಗೂಡೆಂಬ ಹೆಸರು, ಚೀನೀಯರ ಸೂಪಿನ ಬಟ್ಟಲಲ್ಲಿ ಆ ಬೆಲೆ. ಭಾರತದಲ್ಲಿ ಈ ಹಕ್ಕಿ ಇರುವುದು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ. ನಮ್ಮ ನೇತ್ರಾಣಿಯಲ್ಲಿ, ಪಶ್ಚಿಮ ಘಟ್ಟದಲ್ಲಿ, ಶ್ರೀಲಂಕಾದಲ್ಲಿ ಇರುವುದು ಬೇರೆ ಜಾತಿ, ಭಾರತದ ಸ್ವಿಫ್ಟ್‌ಲೆಟ್. ಇದರ ಗೂಡಿನಲ್ಲಿ ಜೊಲ್ಲಿನ ಜೊತೆಗೆ ಪಾಚಿ, ನಾರು, ಗರಿಗಳು ಬೆರೆತಿರುತ್ತವೆ; ತಿನ್ನುವಂತೆ ಮಾಡಬೇಕಾದರೆ ನೆನೆಸಿ, ಒಂದೊಂದೇ ಕಸ ಹೆಕ್ಕಿ ತೆಗೆಯಬೇಕು. ಅದರಿಂದ ಬೆಲೆಯೂ ಕಡಿಮೆ. ನನ್ನ ವಿದ್ಯಾರ್ಥಿ ತನ್ನ ಮಹಡಿಯಿಂದ ಕೂಗಿಸುತ್ತಿದ್ದದ್ದು ನಮ್ಮ ಕರಾವಳಿಯಲ್ಲಿ ಇಲ್ಲವೇ ಇಲ್ಲದ ಹಕ್ಕಿಯ ದನಿಯನ್ನು. ಇದನ್ನು ಅವನಿಗೆ ಸ್ಪೀಕರ್ ಮಾರಿದವರು ಹೇಳಿರಲಿಲ್ಲ.

ಹಕ್ಕಿಮನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕನ ಮಗ ಮಲೇಷ್ಯಾದಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಅವನೊಡನೆ ಪೆರಾಕ್ ರಾಜ್ಯದ ಸಿಟಿಯವಾನ್ ಎಂಬ ಊರಿಗೆ ಹೋಗಿದ್ದೆ. ಹೊರಗಿನಿಂದ ಕಿಟಕಿಯಿಲ್ಲದ ಗೋದಾಮಿನಂತೆ ಕಾಣುವ ಮೂರು ಮಹಡಿಯ ಕಟ್ಟಡ. ಒಳಗೆ ಕಾಲಿಟ್ಟ ಕೂಡಲೇ ಭತ್ತ ಬೇಯಿಸುವ ಕೋಣೆಯಲ್ಲಿ ನಿಂತಂಥ ಒದ್ದೆ ಗಾಳಿ, ಮೂಗಿಗೆ ಚುಚ್ಚುವ ಹಿಕ್ಕೆಯ ವಾಸನೆ, ತಲೆಯ ಮೇಲೆ ಬಿಡದೆ ಟಿಕ್ ಟಿಕ್. ಮಾಲೀಕರು ಹಲಗೆಯ ಮೂಲೆಗೆ ಅಂಟಿದ್ದ ಒಂದು ಖಾಲಿ ಗೂಡಿಗೆ ನೀರು ಸಿಂಪಡಿಸಿ, ಅದು ಮೆತ್ತಗಾಗುವವರೆಗೆ ಕಾದು, ಅಗಲ ಅಲಗಿನ ಕತ್ತಿಯಿಂದ ಎಬ್ಬಿಸಿ ನನ್ನ ಅಂಗೈಯಲ್ಲಿಟ್ಟರು. ಒಣಗಿದ ಅಕ್ಕಿ ಶಾವಿಗೆಯ ಎಳೆಗಳನ್ನು ಒಂದರ ಮೇಲೊಂದು ಒತ್ತಿ ಬಟ್ಟಲು ಮಾಡಿದಂತಿತ್ತು. ಬೆಳಕಿಗೆ ಹಿಡಿದರೆ ಬೆರಳ ನೆರಳು ಕಾಣುವಷ್ಟು ತೆಳು. ಕೈಯಲ್ಲಿ ಇದ್ದದ್ದೇ ತಿಳಿಯುತ್ತಿರಲಿಲ್ಲ, ಅಷ್ಟು ಹಗುರ. ಇಂಥ ನೂರರ ಆಸುಪಾಸು ಗೂಡು ಸೇರಿದರೆ ಒಂದು ಕಿಲೋ ಎಂದು ಅವರು ಹೇಳಿದಾಗ, ಆ ಒಂದು ಕಿಲೋದ ಹಿಂದಿರುವ ನೂರು ಜೋಡಿ ಹಕ್ಕಿಗಳ ತಿಂಗಳುಗಟ್ಟಲೆಯ ದುಡಿಮೆ ನನ್ನ ಮನಸ್ಸಿಗೆ ತಟ್ಟಿತು.

ಆ ಮಾಲೀಕರು ಹೇಳಿದ ಇನ್ನೊಂದು ಮಾತನ್ನು ನಾನು ಮರೆತಿಲ್ಲ. ಕಟ್ಟಡ ಕಟ್ಟಿದ ಮೇಲೆ ಹಕ್ಕಿ ಬರುವುದು ಹಕ್ಕಿಯ ಇಷ್ಟ. ನಾವು ಇದಕ್ಕೆ ಸಾಕಣೆ ಎನ್ನುತ್ತೇವೆ, ಆದರೆ ಕೋಳಿ ಸಾಕಣೆಯಂತೆ ಇಲ್ಲಿ ಯಾರೂ ಕಾಳು ಹಾಕುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ. ಹಕ್ಕಿ ಹೊರಗೆ ಹಾರಿ ಗದ್ದೆಯ ಮೇಲೆ, ಕಾಡಿನ ಮೇಲೆ, ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮೇಲೆ ತನ್ನ ಹೊಟ್ಟೆಯನ್ನು ತಾನೇ ತುಂಬಿಕೊಳ್ಳುತ್ತದೆ. ಮನುಷ್ಯ ಕೊಡುವುದು ಕತ್ತಲೆ, ತೇವ, ಹಲಗೆ ಇಷ್ಟನ್ನೇ. ಸುತ್ತ ಹುಳು ಇಲ್ಲದಿದ್ದರೆ, ಹತ್ತಿರದಲ್ಲಿ ಹಕ್ಕಿಯ ಹಿಂಡೇ ಇಲ್ಲದಿದ್ದರೆ, ಎಷ್ಟು ಹಣ ಸುರಿದರೂ ಕಟ್ಟಡ ಖಾಲಿ. ಸಿಟಿಯವಾನಿನಲ್ಲೇ ಸ್ಪೀಕರ್ ಕೂಗುತ್ತಲೇ ಇದ್ದ ಖಾಲಿ ಕಟ್ಟಡಗಳನ್ನು ಅವರು ಬೆರಳು ಮಾಡಿ ತೋರಿಸಿದರು.

ಆ ದೇಶದ ಅನುಭವದಲ್ಲಿ ನಮಗೆ ಬೇಕಾದ ಪಾಠ ಇನ್ನೂ ಇದೆ. ಪೆನಾಂಗಿನ ಜಾರ್ಜ್ ಟೌನಿನಲ್ಲಿ ಬಾಡಿಗೆ ನಿಯಂತ್ರಣ ಕಾನೂನು ರದ್ದಾದ ಮೇಲೆ ಬಾಡಿಗೆದಾರರು ಬಿಟ್ಟುಹೋದ ಹಳೆಯ ಅಂಗಡಿಮನೆಗಳು ಒಂದೊಂದಾಗಿ ಹಕ್ಕಿಮನೆಗಳಾದವು. 2008ರಲ್ಲಿ ಆ ಪಟ್ಟಣ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ, ಹಿಕ್ಕೆ ಮತ್ತು ತೇವದಿಂದ ಹಳೆಯ ಗೋಡೆಗಳು ಹಾಳಾಗುತ್ತವೆಂದೂ, ಒಳಗೆ ನಿಲ್ಲಿಸಿದ ನೀರಿನಲ್ಲಿ ಸೊಳ್ಳೆ ಬೆಳೆಯುತ್ತದೆಂದೂ, ದಿನವಿಡೀ ಕೂಗುವ ಸ್ಪೀಕರಿನ ನಡುವೆ ಬದುಕುವುದು ಕಷ್ಟವೆಂದೂ ಅಲ್ಲಿನ ನಿವಾಸಿಗಳು ದನಿ ಎತ್ತಿದರು. ಪಾರಂಪರಿಕ ವಲಯದಿಂದ ಅವನ್ನು 2013ರೊಳಗೆ ತೆಗೆಸಲು ಸರ್ಕಾರ ಗಡುವು ಹಾಕಬೇಕಾಯಿತು. 2011ರಲ್ಲಿ ಮಲೇಷ್ಯಾದ ಕೆಂಪುಗೂಡುಗಳಲ್ಲಿ ನೈಟ್ರೈಟ್ ಎಂಬ ರಾಸಾಯನಿಕ ಮಿತಿಮೀರಿದೆಯೆಂದು ಚೀನಾ ಆಮದನ್ನು ನಿಲ್ಲಿಸಿದಾಗ ಬೆಲೆ ಕುಸಿದು, ಸಾಲ ಮಾಡಿ ಕಟ್ಟಡ ಕಟ್ಟಿದ ಸಣ್ಣವರೇ ಮೊದಲು ಮುಳುಗಿದರು. ಹಕ್ಕಿ ರಕ್ತ ಕಾರಿ ಕಟ್ಟಿದ್ದರಿಂದ ಗೂಡು ಕೆಂಪಾಗುತ್ತದೆ ಎಂಬ ನಂಬಿಕೆಯ ಮೇಲೆ ಹೆಚ್ಚು ಬೆಲೆ ಪಡೆಯುತ್ತಿದ್ದ ಗೂಡುಗಳವು. ರಕ್ತಕ್ಕೂ ಆ ಬಣ್ಣಕ್ಕೂ ಸಂಬಂಧವಿಲ್ಲ. ನೆಲದ ಮೇಲೆ ಕೊಳೆಯುವ ಹಿಕ್ಕೆಯಿಂದ ಏಳುವ ಸಾರಜನಕದ ಆವಿ ತಾಗಿ ಗೂಡು ಕೆಂಪಾಗುತ್ತದೆಂದು ಸಂಶೋಧಕರು ತೋರಿಸಿದ್ದಾರೆ.

ಈಗ ಅಂಡಮಾನಿಗೆ ಬರುತ್ತೇನೆ, ಏಕೆಂದರೆ ಹುಡುಗನ ಪ್ರಶ್ನೆಗೆ ನೇರವಾದ ಉತ್ತರ ಅಲ್ಲಿದೆ. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ಡಾ. ರವಿ ಶಂಕರನ್ 1990ರ ದಶಕದಲ್ಲಿ ಅಲ್ಲಿನ ಗುಹೆಗಳನ್ನು ಒಂದೊಂದಾಗಿ ಹೊಕ್ಕು ಎಣಿಕೆ ಮಾಡಿದಾಗ, ಹತ್ತೇ ವರ್ಷಗಳಲ್ಲಿ ಹಕ್ಕಿಗಳ ಸಂಖ್ಯೆ ಶೇ. 80ರಷ್ಟು ಕುಸಿದಿರುವುದು ಕಂಡುಬಂದಿತ್ತು. ಗೂಡು ಕೀಳುವವರು ಮರಿ ಹಾರುವವರೆಗೆ ಕಾಯುತ್ತಿರಲಿಲ್ಲ. ಕಾದರೆ ಇನ್ನೊಬ್ಬ ಕಿತ್ತುಕೊಂಡು ಹೋಗುತ್ತಾನೆಂದು, ಮೊಟ್ಟೆಯಿದ್ದರೆ ಮೊಟ್ಟೆಯನ್ನೂ ಮರಿಯಿದ್ದರೆ ಮರಿಯನ್ನೂ ಎಸೆದು ಗೂಡು ಒಯ್ಯುತ್ತಿದ್ದರು. ಆಗ ಶಂಕರನ್ ಮಾಡಿದ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅರಣ್ಯ ಇಲಾಖೆಯೊಡನೆ ಸೇರಿ, ಹೀಗೆ ಗೂಡು ಕೀಳುತ್ತಿದ್ದವರನ್ನೇ ಕರೆದು, ಸಂಬಳ ಕೊಟ್ಟು, ಉತ್ತರ ಅಂಡಮಾನಿನ ಗುಹೆಗಳಿಗೆ ಕಾವಲಿಟ್ಟರು. ಯಾವ ಬಂಡೆಯ ಮೇಲೆ ಕಾಲಿಟ್ಟರೆ ಜಾರುತ್ತದೆ, ಕಳ್ಳ ಯಾವ ಹೊತ್ತಿಗೆ ಬರುತ್ತಾನೆ ಎಂಬುದು ಅವರಿಗಲ್ಲದೆ ಬೇರೆ ಯಾರಿಗೆ ಗೊತ್ತು? ಕಾವಲಿದ್ದ ಗುಹೆಗಳಲ್ಲಿ ಹಕ್ಕಿ ಹೆಚ್ಚತೊಡಗಿತು. ಮೊಟ್ಟೆ ಸಾಗಿಸುವ ಪ್ರಯೋಗ ಅದರ ಮೇಲೆ ನಿಂತ ಇನ್ನೊಂದು ಹೆಜ್ಜೆ. ಅಲ್ಲಿ ಮನೆಗಳಲ್ಲೇ ಗೂಡು ಕಟ್ಟುವ ಇನ್ನೊಂದು ಸ್ವಿಫ್ಟ್‌ಲೆಟ್ ಜಾತಿ ಇದೆ. ಅದರ ಗೂಡಿಗೆ ಬಿಳಿಗೂಡಿನ ಹಕ್ಕಿಯ ಮೊಟ್ಟೆ ಇಟ್ಟು, ಸಾಕುತಾಯಿಯ ಕೈಯಲ್ಲಿ ಬೆಳೆದ ಮರಿ ದೊಡ್ಡದಾಗಿ ಮನೆಗೇ ಮರಳಲಿ ಎಂಬುದು ಉದ್ದೇಶ. ವಾಣಿಜ್ಯಕ್ಕೆ ಅವಕಾಶ ಸಿಕ್ಕರೆ ಸ್ಥಳೀಯರು ಗುಹೆಯನ್ನು ತಾವೇ ಕಾಯುತ್ತಾರೆಂಬ ವಾದವನ್ನು ಒಪ್ಪಿ ಕೇಂದ್ರ ಸರ್ಕಾರ 2009ರಲ್ಲಿ ಬಿಳಿಗೂಡಿನ ಹಕ್ಕಿಯನ್ನು ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಪಟ್ಟಿಯಿಂದ ತೆಗೆಯಿತು. ಅದೇ ವರ್ಷದ ಜನವರಿಯಲ್ಲಿ ರವಿ ಶಂಕರನ್ ತೀರಿಕೊಂಡರು. ಆ ನಷ್ಟ ತುಂಬುವಂಥದ್ದಲ್ಲ.

ನೇತ್ರಾಣಿಯಲ್ಲಿ ಇದನ್ನು ಮಾಡಲು ಸಾಧ್ಯವಿಲ್ಲವೇಕೆ ಎಂದು ಹುಡುಗ ಕೇಳಿದ. ಮೊದಲನೆಯದಾಗಿ, ಮೊಟ್ಟೆಯನ್ನು ಕಾವು ಕೂರಿಸಿ, ಮರಿಗೆ ಹಾರುವ ಹುಳುಗಳನ್ನು ಉಂಡೆ ಮಾಡಿ ಉಣಿಸಲು ಅಂಥದ್ದೇ ಇನ್ನೊಂದು ಹಕ್ಕಿ ನಮ್ಮ ಮನೆಗಳಲ್ಲಿಲ್ಲ. ಹತ್ತಿ ಹಾಸಿದ ಡಬ್ಬಿಯಲ್ಲಿ ದೋಣಿಯೇರಿ ಬಂದ ಮೊಟ್ಟೆ ಕೊಳೆಯುತ್ತದೆ, ಅಷ್ಟೇ. ಅದಕ್ಕಿಂತ ಮುಖ್ಯವಾದದ್ದು, ನೇತ್ರಾಣಿಯ ಹಿಂಡು ಒಂದು ಸಣ್ಣ ದ್ವೀಪದ ಗವಿಯನ್ನು ನಂಬಿಕೊಂಡಿರುವ ಹಿಂಡು. ಅಂಡಮಾನಿನಂತೆ ನೂರಾರು ಗುಹೆಗಳು ಇಲ್ಲಿಲ್ಲ. ಒಂದೇ ಬೇಸಿಗೆಯಲ್ಲಿ ನಾಲ್ಕು ಮಂದಿ ಏಣಿ ಹಾಕಿದರೆ ಆ ವರ್ಷದ ಇಡೀ ಪೀಳಿಗೆ ಹೋಗುತ್ತದೆ. ಜೊತೆಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಕಾಡುಹಕ್ಕಿಯ ಮೊಟ್ಟೆಯನ್ನು ಹಾಳುಮಾಡುವುದೂ, ಮೊಟ್ಟೆ ಗೂಡುಗಳಿಗೆ ತೊಂದರೆ ಕೊಡುವುದೂ 'ಬೇಟೆ'ಯೆಂಬ ಮಾತಿನ ಅರ್ಥದೊಳಗೇ ಬರುತ್ತದೆ. ಈ ಮಾತು ನಮ್ಮ ಬಂದರಿನಲ್ಲಿ ಎಷ್ಟು ಜನರಿಗೆ ಗೊತ್ತು? ನನ್ನ ವಿದ್ಯಾರ್ಥಿಗೆ ಗೊತ್ತಿರಲಿಲ್ಲ. ತರಗತಿಯಲ್ಲಿ ನಾನು ಹೇಳಿಕೊಟ್ಟಿರಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ನಾನು ಇಲ್ಲದ ಭಯ ಹುಟ್ಟಿಸುತ್ತಿಲ್ಲ. ನಮ್ಮಿಂದ ಉತ್ತರಕ್ಕೆ, ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳ ದ್ವೀಪದಲ್ಲಿ ಇದೇ ಜಾತಿಯ ಹಕ್ಕಿಗಳ ಗೂಡುಗಳನ್ನು ಕದ್ದು ಮಾರುವ ಜಾಲ ನಡೆದಿತ್ತು. ಚಿಪ್ಳೂಣಿನ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರು ಹೋಗಿ ನೋಡಿದಾಗ ಗವಿಯೊಳಗೆ ಕಳ್ಳರು ಬಿದಿರಿನ ಅಟ್ಟಣಿಗೆಯನ್ನೇ ಕಟ್ಟಿದ್ದರು. ನೇತ್ರಾಣಿಯ ಗವಿಯ ಸುದ್ದಿಯೂ ಹೊಸದಲ್ಲ. ಪಕ್ಷಿತಜ್ಞ ಜೆರ್ಡನ್ 1860ರ ದಶಕದಲ್ಲೇ ಈ ದ್ವೀಪದ ಗವಿಹಕ್ಕಿಗಳ ಬಗ್ಗೆ ಬರೆದಿದ್ದಾರೆ, 1875ರಲ್ಲಿ ಇನ್ನೊಬ್ಬ ಪಕ್ಷಿತಜ್ಞ ಎ. ಒ. ಹ್ಯೂಮ್ ಇಲ್ಲಿಗೆ ಬಂದುಹೋಗಿದ್ದಾರೆ. ಆಗ ಇದನ್ನು ಪಾರಿವಾಳದ ದ್ವೀಪವೆಂದು ನಕ್ಷೆಗಳಲ್ಲಿ ಗುರುತಿಸುತ್ತಿದ್ದರು. ಬಿಳಿಹೊಟ್ಟೆಯ ಕಡಲಹದ್ದುಗಳಿಗೆ ಈ ದ್ವೀಪ ಹೆಸರಾಗಿದೆ, ಸುತ್ತಲಿನ ಹವಳ ನೋಡಲು ಮುರ್ಡೇಶ್ವರದಿಂದ ಸ್ಕೂಬಾ ಬೋಟುಗಳು ಹೋಗುತ್ತವೆ. ನೌಕಾಪಡೆ ಇದನ್ನು ಗುರಿಯಭ್ಯಾಸಕ್ಕೆ ಬಳಸಿದ್ದೂ ದೊಡ್ಡ ವಿವಾದವಾಗಿತ್ತು. ಇಷ್ಟೆಲ್ಲ ಚರ್ಚೆಯ ನಡುವೆ ಗವಿಯ ಸಣ್ಣ ಕಂದು ಹಕ್ಕಿಯನ್ನು ಕೇಳುವವರು ಕಡಿಮೆ.

ನನಗೆ ಹನ್ನೆರಡು ವರ್ಷವಿದ್ದಾಗ ಅಪ್ಪ ಒಮ್ಮೆ ತನ್ನ ದೋಣಿಯಲ್ಲಿ ನೇತ್ರಾಣಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿನ ದೈವ ಜಟ್ಟಿಗನಿಗೆ ಹರಕೆ ಒಪ್ಪಿಸುವುದಿತ್ತು. ಮರಳುವಾಗ ಹೊತ್ತು ಮುಳುಗುತ್ತಿತ್ತು. ಬಂಡೆಯ ಬುಡದಲ್ಲಿ ಕಪ್ಪಗೆ ಬಾಯಿ ತೆರೆದಿದ್ದ ಗವಿಯೆದುರು ದೋಣಿ ನಡೆಸುವ ತಾಂಡೇಲ ದೋಣಿಯನ್ನು ತುಸು ಹೊತ್ತು ನಿಲ್ಲಿಸಿದ. ಅಲೆ ಒಳನುಗ್ಗಿ ಗುಡುಗಿ ಹಿಂದೆ ಸರಿಯುತ್ತಿತ್ತು, ಸರಿದ ಆ ಅರೆಗಳಿಗೆಯಲ್ಲಿ ಹಕ್ಕಿಗಳು ನೀರಿನ ಮೇಲಿನಿಂದ ಬಾಣದಂತೆ ಒಳಗೆ ಹೋಗುತ್ತಿದ್ದವು. ಒಂದೂ ಅಲೆಗೆ ಸಿಕ್ಕಲಿಲ್ಲ. ಒಳಗಿನಿಂದ ಯಾರೋ ಬೆಣಚುಕಲ್ಲು ಕುಟ್ಟಿದಂಥ ಸದ್ದು ಬರುತ್ತಿತ್ತು. "ಗವಿಹಕ್ಕಿ, ದಾರಿ ಕೇಳ್ತಾ ಅದೆ," ಎಂದರು ಅಪ್ಪ. ಗುಡ್ಡದಿಂದ ಒಂದು ಕಡ್ಡಿಯನ್ನೂ ದೋಣಿಗೆ ಹತ್ತಿಸಬಾರದೆಂದು ಅವರು ನಮಗೆ ಹೇಳುತ್ತಿದ್ದರು, ತಾವೂ ಹಾಗೆಯೇ ನಡೆದರು.

ಇಷ್ಟು ಹೇಳಿದ ಮೇಲೆ ನನ್ನ ಬೇಡಿಕೆಗೆ ಬರುತ್ತೇನೆ.

ಹಕ್ಕಿಮನೆಯ ವ್ಯವಹಾರದ ಬಗ್ಗೆ ಇಲಾಖೆ ಮೌನವಾಗಿರಬಾರದು. ನಮ್ಮ ಕರಾವಳಿಯಲ್ಲಿ ಬಿಳಿಗೂಡಿನ ಹಕ್ಕಿ ಇಲ್ಲ, ಇಲ್ಲಿರುವ ಹಕ್ಕಿಯ ಗೂಡನ್ನಾಗಲಿ ಮೊಟ್ಟೆಯನ್ನಾಗಲಿ ಮುಟ್ಟುವುದು ಅಪರಾಧ ಎಂಬ ಎರಡು ಸಂಗತಿಗಳನ್ನು ಸರಳ ಕನ್ನಡದಲ್ಲಿ ಬರೆದು ಬಂದರುಗಳಲ್ಲಿ, ಮೀನುಗಾರರ ಸಹಕಾರ ಸಂಘಗಳಲ್ಲಿ, ಪಂಚಾಯಿತಿಗಳಲ್ಲಿ ಹಚ್ಚಿಸಬೇಕು. ಸಾಲ ಕೇಳಿ ಬರುವ ಹುಡುಗರಿಗೆ ಬ್ಯಾಂಕು, ಸಂಘಗಳ ಮೇಜಿನ ಮೇಲೇ ಈ ಮಾಹಿತಿ ಸಿಗುವಂತಾಗಬೇಕು, ಮನೆ ಕಟ್ಟಿ ಮುಗಿದ ಮೇಲಲ್ಲ. ಹಕ್ಕಿಮನೆಗೆ ಪರವಾನಗಿ ಕೊಡಿ ಎಂದು ಯಾರಾದರೂ ಅರ್ಜಿ ಹಾಕಿದರೆ ದಯವಿಟ್ಟು ಒಪ್ಪಬೇಡಿ. ಮನೆಯ ಗೂಡು ಯಾವುದು, ಗವಿಯಿಂದ ಕದ್ದ ಗೂಡು ಯಾವುದು ಎಂದು ಗೂಡನ್ನು ನೋಡಿ ಹೇಳುವುದು ಸುಲಭವಲ್ಲ. ಒಂದು ಪರವಾನಗಿ ಪತ್ರವಿದ್ದರೆ ಕದ್ದ ಮಾಲೆಲ್ಲ ಅದರ ನೆರಳಿನಲ್ಲಿ ಸಾಗುತ್ತದೆ. ಕೂಗಿನ ಸ್ಪೀಕರುಗಳನ್ನು ದ್ವೀಪದ ಬಳಿ ಒಯ್ಯುವುದನ್ನು ಸ್ಪಷ್ಟವಾಗಿ ನಿಷೇಧಿಸಬೇಕೆಂದೂ ಕೇಳುತ್ತೇನೆ.

ಗವಿಯ ಎಣಿಕೆಯನ್ನು ಪ್ರತಿವರ್ಷ ಮಾಡಿ, ಅದರ ಸಂಖ್ಯೆಯನ್ನು ಜನರ ಮುಂದಿಡಬೇಕು. ಗೂಡಿನ ಕಾಲ ಮಾರ್ಚ್‌ನಿಂದ ಜೂನ್‌ವರೆಗಿನ ತಿಂಗಳುಗಳಲ್ಲಿ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದಲೂ ಮುಂಗಾರಿನ ಕಡಲು ಯಾರನ್ನೂ ಹತ್ತಿರ ಬಿಡದಿರುವುದರಿಂದಲೂ ಕೊನೆಯ ಭಾಗಕ್ಕೆ ಕಡಲೇ ಕಾವಲು. ಆದ್ದರಿಂದ ಅಪಾಯವಿರುವುದು ಮಾರ್ಚ್, ಏಪ್ರಿಲ್, ಮೇ ಈ ಮೂರು ತಿಂಗಳುಗಳಲ್ಲಿ. ಕಡಲು ತಣ್ಣಗಿರುವ, ಪ್ರವಾಸಿಗರ ಬೋಟುಗಳೂ ಓಡಾಡುವ ಕಾಲ ಅದು. ಮೂರು ತಿಂಗಳ ಕಾವಲು ಸರ್ಕಾರಕ್ಕೆ ಭಾರವಾಗಲಾರದು. ಸ್ಕೂಬಾ ಬೋಟಿನವರು ನಮ್ಮ ವಿರೋಧಿಗಳಲ್ಲ, ದಿನವೂ ಆ ನೀರಿನಲ್ಲಿರುವ ಕಣ್ಣುಗಳು ಅವರವು. ಗವಿಯ ಬಾಯಿಂದ ದೂರ ನಿಲ್ಲುವಂತೆಯೂ, ಅನುಮಾನದ ದೋಣಿ ಕಂಡರೆ ಕೂಡಲೇ ತಿಳಿಸುವಂತೆಯೂ ಅವರೊಡನೆ ಕೂತು ಮಾತಾಡಿ.

ಕಾವಲಿಗೆ ಜನರನ್ನು ಹೊರಗಿನಿಂದ ಕಳಿಸಬೇಡಿ. ಮೊಗೇರ, ಖಾರ್ವಿ, ಹರಿಕಾಂತ ಕೇರಿಗಳಲ್ಲಿ, ಭಟ್ಕಳದ ಬಂದರಿನಲ್ಲಿ, ಕಣ್ಣು ಕಟ್ಟಿಬಿಟ್ಟರೂ ನೇತ್ರಾಣಿಗೆ ದೋಣಿ ಮುಟ್ಟಿಸುವ ಹಿರಿಯರಿದ್ದಾರೆ, ಬಲೆಯ ಕೆಲಸ ಕಡಿಮೆಯಾಗಿ ಕೈಕಟ್ಟಿ ಕೂತ ಹುಡುಗರೂ ಇದ್ದಾರೆ. ಅಂಡಮಾನಿನಲ್ಲಿ ಮಾಡಿದಂತೆ ಅವರಿಗೆ ಸಂಬಳ, ವಿಮೆ, ಒಂದು ಸರಿಯಾದ ದೋಣಿ ಕೊಟ್ಟು ನೋಡಿ. ಎಣಿಕೆಗೆ ತಜ್ಞರು ಬರುವುದಾದರೆ ಅವರನ್ನು ಗವಿಯ ಬಾಯಿಯವರೆಗೆ ತಲುಪಿಸಲು ಇಬ್ಬರು ತಾಂಡೇಲರನ್ನು ನಾನೇ ಕರೆತರುತ್ತೇನೆ.

ಮೀನುಗಾರ ಬಂಧುಗಳೇ, ನಿಮ್ಮಲ್ಲಿ ಕೇಳುವುದು ಒಂದೇ. ಗೂಡು ತಂದುಕೊಟ್ಟರೆ ಇಷ್ಟು ಕೊಡುತ್ತೇನೆಂದು ಹೊರಗಿನಿಂದ ಯಾರಾದರೂ ಬಂದು ಮುಂಗಡ ಚಾಚಿದರೆ ತೆಗೆದುಕೊಳ್ಳಬೇಡಿ. ಕೇಸು ಬೀಳುವುದು ದೋಣಿಯವನ ಮೇಲೆ. ಮುಂಗಡ ಕೊಟ್ಟವನು ಅಷ್ಟರಲ್ಲಿ ಊರು ಬಿಟ್ಟಿರುತ್ತಾನೆ.

ನನ್ನ ವಿದ್ಯಾರ್ಥಿ ಸ್ಪೀಕರುಗಳನ್ನು ಬಿಚ್ಚಿಟ್ಟಿದ್ದಾನೆ, ಮಹಡಿಯ ಕಿಟಕಿಗಳನ್ನು ಮತ್ತೆ ತೆಗೆಸುತ್ತಿದ್ದಾನೆ. ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತಿದೆ. ಈ ಒಂದು ವರ್ಷದಲ್ಲಿ ಆತ ಸ್ವಿಫ್ಟ್‌ಲೆಟ್ ಬಗ್ಗೆ ಓದಿದ್ದನ್ನು, ಕೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ನಮ್ಮ ಕೇರಿಯಲ್ಲಿ ಈ ಹಕ್ಕಿಯ ಬಗ್ಗೆ ಅವನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಈಜು ಬರುತ್ತದೆ, ದೋಣಿಯ ಇಂಜಿನ್ ರಿಪೇರಿ ಗೊತ್ತು, ಕತ್ತಲೆಗೆ ಹೆದರುವವನಲ್ಲ. ನೇತ್ರಾಣಿಯ ಗವಿಗೆ ಕಾವಲುಗಾರರ ಪಟ್ಟಿ ಮಾಡುವ ದಿನ ಬಂದರೆ ಅವನನ್ನು ಮೊದಲು ಕರೆಯಿರಿ. ಅರ್ಜಿಯನ್ನು ಅವನ ಕೈಯಿಂದಲೇ ಬರೆಸಿ, ಮಾರ್ಚ್ ತಿಂಗಳಿಗೆ ಮುಂಚೆಯೇ ನಿಮ್ಮ ಕಚೇರಿಗೆ ತಂದು ಕೊಡುತ್ತೇನೆ.

ಇತಿ, ತಮ್ಮ ವಿಶ್ವಾಸಿ,
ಭಟ್ಕಳ ತಾಲ್ಲೂಕಿನ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ